ಚಕ್ಕುಲಿ ಸಿಡಿಯುವುದೇಕೆ?

ಕಳೆದ ಗೋಕುಲಾಷ್ಟಮಿಯ ಹಿಂದಿನ ಸಂಜೆ ನಮ್ಮ ನೆರೆಮನೆಯಲ್ಲಿ ಒಂದು ಅವಘಡ ನಡೆಯಿತು. ನಾವು ವಾಸವಾಗಿರುವುದು ಎಲೆಕ್ಟ್ರಾನಿಕ್ ಸಿಟಿಗೆ ಅಂಟಿಕೊಂಡಿರುವ ದೊಡ್ಡತೋಗೂರಿನಲ್ಲಿ. 1978ರಲ್ಲಿ ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಈ ಊರಿನ ಮತ್ತು ಕೋನಪ್ಪನ ಅಗ್ರಹಾರದ 332 ಎಕರೆ ಜಮೀನಿನಲ್ಲಿ ವಿದ್ಯುನ್ಮಾನ ಕಾರ್ಖಾನೆಗಳಿಗಾಗಿ ನಗರವೊಂದನ್ನು ಕಟ್ಟಲು ಆರಂಭಿಸಿದಾಗ ಇಲ್ಲಿ ರಾಗಿ ಬೆಳೆಯುತ್ತಿತ್ತು. ಇಂದು ನಮ್ಮ ಕಟ್ಟಡದ ಎಂಟು ಮನೆಗಳಲ್ಲಿ ಐದು ಭಾಷೆಗಳಿವೆ. ಆದರೂ ಶ್ರಾವಣ ಬಹುಳ ಬಂದಿತೆಂದರೆ ಮಹಡಿಯ ಮೆಟ್ಟಿಲುಗಳಲ್ಲಿ ಏಳುವ ಕರಿದೆಣ್ಣೆಯ ವಾಸನೆ ಒಂದೇ. ಒಂದು ಬಾಗಿಲಿನಲ್ಲಿ ಅದನ್ನು ಮುರುಕ್ಕು ಎನ್ನುತ್ತಾರೆ, ಮತ್ತೊಂದರಲ್ಲಿ ಜಂತಿಕಲು, ಮಗದೊಂದರಲ್ಲಿ ಚಕಲಿ. ನಮಗೆ ಅದು ಚಕ್ಕುಲಿ.

ನೆರೆಮನೆಯವರು ತುಮಕೂರಿನ ಕಡೆಯವರು. ಎಪ್ಪತ್ತು ದಾಟಿದ ಅಜ್ಜಿ ಹಿಟ್ಟು ಕಲಸಿ ಒತ್ತುತ್ತಿದ್ದರು. ವಿದ್ಯುನ್ಮಂಡಲಗಳ ಫಲಕಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿರುವ ಮೊಮ್ಮಗಳು ಬಾಣಲೆಯ ಮುಂದೆ ನಿಂತಿದ್ದಳು. ಮೂವತ್ತು ಚಕ್ಕುಲಿಗಳು ಹೊನ್ನಿನ ಬಣ್ಣಕ್ಕೆ ಬಂದು ತಟ್ಟೆ ಸೇರಿದುವು. ಕಡೆಗೆ ಒರಳಿಗೆ ತುಂಬಲು ಸಾಲದಷ್ಟು ಹಿಟ್ಟು ಉಳಿಯಿತು. ಮೊಮ್ಮಗಳು ಅದನ್ನು ಕೈಯಲ್ಲಿಯೇ ಹೊಸೆದು, ಬಿರುಕು ಬಿಟ್ಟಲ್ಲಿ ನೀರು ಸವರಿ ನುಣುಪು ಮಾಡಿ, ಹೆಬ್ಬೆರಳಿನಷ್ಟು ದಪ್ಪದ ಒಂದು ಬಳೆಯನ್ನು ಮಾಡಿ ಎಣ್ಣೆಗೆ ಬಿಟ್ಟಳು. ಎರಡು ಮೂರು ನಿಮಿಷ ಕಳೆದಿರಬಹುದು. ಪಟಾಕಿಯಂತೆ ಸದ್ದಾಯಿತು, ಬಳೆ ಎರಡು ತುಂಡಾಗಿ ಒಂದು ತುಂಡು ಗೋಡೆಗೆ ಬಡಿಯಿತು, ಒಂದು ಸೌಟಿನಷ್ಟು ಕಾದ ಎಣ್ಣೆ ಅವಳ ಮುಂಗೈಯ ಮೇಲೆ ಬಿತ್ತು. ಕೂಗು ಕೇಳಿ ನಾವು ಓಡಿದೆವು. ಒಲೆ ಆರಿಸಿ, ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿದೆವು. ಯಾರೋ ಟೂತ್‌ಪೇಸ್ಟ್ ತಂದರು, ಇನ್ನಾರೋ ತುಪ್ಪ ತಂದರು, ಎರಡನ್ನೂ ಬೇಡವೆಂದೆವು. ಗಾಯ ದೊಡ್ಡದಾಗಲಿಲ್ಲ. ಮುಖಕ್ಕೆ ಒಂದು ಗೇಣು ಮೇಲೆ ಎಗರಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆಯಲೂ ಮನಸ್ಸಾಗದು.

“ಹಿಟ್ಟಿನ ಹದ ತಪ್ಪಿತು ಮೇಷ್ಟ್ರೇ, ಇನ್ನೇನೂ ಇಲ್ಲ” ಎಂದರು ಅಜ್ಜಿ.

“ಅದೇ ಹಿಟ್ಟಲ್ಲವಾ ಅಜ್ಜೀ? ಮೂವತ್ತು ಚಕ್ಕುಲಿ ಚೆನ್ನಾಗಿಯೇ ಬಂತಲ್ಲ!” ಎಂದಳು ಮೊಮ್ಮಗಳು, ನಲ್ಲಿಯ ಕೆಳಗಿನಿಂದ ಕೈ ತೆಗೆಯದೆ.

ಈ ಪ್ರಶ್ನೆ ನಮ್ಮನ್ನು ಹಿಡಿದುಕೊಂಡಿತು. ಹಿಟ್ಟು ಒಂದೇ, ಎಣ್ಣೆ ಒಂದೇ, ಒಲೆ ಒಂದೇ. ಮೂವತ್ತು ಸಾಧುವಾಗಿ ಬೆಂದು ಒಂದು ಮಾತ್ರ ಸಿಡಿದುದೇಕೆ? ಅಜ್ಜಿ ಹೇಳಿದ ‘ಹದ’ ಎಂಬ ಎರಡಕ್ಷರದ ಮಾತಿನಲ್ಲಿ ಭೌತಶಾಸ್ತ್ರದ ಎಷ್ಟೋ ಸಂಗತಿಗಳು ಅಡಗಿವೆ. ಅವುಗಳನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ತಪ್ಪು ಭಾವನೆಯನ್ನು ಕಳೆಯಬೇಕು. ಚಕ್ಕುಲಿ ಬಿಟ್ಟೊಡನೆ ಬಾಣಲೆಯಲ್ಲಿ ನೊರೆಯುಕ್ಕುವುದನ್ನು ಕಂಡು ನಾವು ‘ಎಣ್ಣೆ ಕುದಿಯುತ್ತಿದೆ’ ಎನ್ನುತ್ತೇವೆ. ಎಣ್ಣೆ ಕುದಿಯುತ್ತಿಲ್ಲ. ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆಯು ಸುಮಾರು 230 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೊಗೆಯಾಡಲು ತೊಡಗುತ್ತದೆ; ಇನ್ನೂ ಕಾಯಿಸಿದರೆ ಕುದಿಯುವ ಬದಲು ಒಡೆದು ಉರಿ ಹತ್ತಿಕೊಳ್ಳುತ್ತದೆ. ನಾವು ಕರಿಯುವುದು 160ರಿಂದ 180 ಡಿಗ್ರಿಗಳ ನಡುವೆ. ಕುದಿಯುತ್ತಿರುವುದು ಹಿಟ್ಟಿನೊಳಗಿನ ನೀರು. ಎದ್ದೇಳುವ ಪ್ರತಿಯೊಂದು ಗುಳ್ಳೆಯೂ ನೀರಾವಿಯ ಗುಳ್ಳೆ. ಕರಿಯುವುದೆಂದರೆ, ಎಣ್ಣೆಯ ಶಾಖವನ್ನು ಕೊಟ್ಟು ಹಿಟ್ಟಿನ ನೀರನ್ನು ಹೊರಗಟ್ಟುವ ಕೆಲಸವಲ್ಲದೆ ಬೇರೆಯಲ್ಲ. ಉಳಿದುದೆಲ್ಲವೂ ಅದರ ಹಿಂದೆ ಬರುವುದು.

ಆ ನೀರಿನ ಲೆಕ್ಕವನ್ನು ಮಾಡೋಣ. ಒಂದು ಹಸಿ ಚಕ್ಕುಲಿ 20 ಗ್ರಾಂ ತೂಗುವುದೆಂದೂ ಅದರಲ್ಲಿ 8 ಗ್ರಾಂ ನೀರಿದೆಯೆಂದೂ ಇಟ್ಟುಕೊಳ್ಳೋಣ. ಬೆಂದ ಮೇಲೆ ಅದರಲ್ಲಿ ಅರ್ಧ ಗ್ರಾಮಿಗಿಂತ ಕಡಿಮೆ ನೀರು ಉಳಿಯುತ್ತದೆ. ಹೀಗಾಗಿ ಏಳೂವರೆ ಗ್ರಾಮಿಗೂ ತುಸು ಹೆಚ್ಚು ನೀರು ಆವಿಯಾಗಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ವಾಯುವಿನ ಒತ್ತಡ ಕಡಿಮೆ. ನೀರು 97 ಡಿಗ್ರಿಯ ಸುಮಾರಿನಲ್ಲಿಯೇ ಕುದಿಯುತ್ತದೆ. ಇಡೀ ಹಿಟ್ಟನ್ನು 25ರಿಂದ 97 ಡಿಗ್ರಿಗೆ ಕಾಯಿಸಲು ಬೇಕಾಗುವ ಶಾಖ ಸುಮಾರು 900 ಕ್ಯಾಲೊರಿ. (ತಿಂಡಿಯ ಪೊಟ್ಟಣಗಳ ಮೇಲೆ ಅಚ್ಚಾಗಿರುವ ಕ್ಯಾಲೊರಿ ಇದಕ್ಕೆ ಸಾವಿರ ಪಟ್ಟು ದೊಡ್ಡದು, ವಾಚಕರು ಗೊಂದಲಕ್ಕೆ ಒಳಗಾಗಬಾರದು.) ಆದರೆ ಕುದಿಯುವ ನೀರನ್ನು ಆವಿಯಾಗಿಸಲು ಗ್ರಾಮೊಂದಕ್ಕೆ 540 ಕ್ಯಾಲೊರಿಗಳಷ್ಟು ಗುಪ್ತೋಷ್ಣ ಬೇಕು. ಏಳೂವರೆ ಗ್ರಾಮಿಗೆ ಅದು 4,000 ಕ್ಯಾಲೊರಿಯನ್ನು ಮುಟ್ಟುತ್ತದೆ. ಒಟ್ಟು ಸುಮಾರು 5,000 ಕ್ಯಾಲೊರಿ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಕೇವಲ ಆವಿಗೆ.

ಬಾಣಲೆಯಲ್ಲಿ ಒಂದು ಕಿಲೋ ಎಣ್ಣೆಯಿದ್ದು ಒಂದು ಒಬ್ಬೆಗೆ ಐದು ಚಕ್ಕುಲಿಗಳನ್ನು ಬಿಟ್ಟೆವೆನ್ನಿ. ಬೇಕಾದ ಶಾಖ 25,000 ಕ್ಯಾಲೊರಿ. ಎಣ್ಣೆಯ ವಿಶಿಷ್ಟೋಷ್ಣ ನೀರಿನದರ ಅರ್ಧದಷ್ಟು ಮಾತ್ರವಾದುದರಿಂದ ಒಂದು ಕಿಲೋ ಎಣ್ಣೆ ಒಂದು ಡಿಗ್ರಿ ತಣಿದರೆ ಸಿಕ್ಕುವುದು 500 ಕ್ಯಾಲೊರಿ. ಒಲೆಯಿಂದ ಏನೂ ಬರದಿದ್ದರೆ ಎಣ್ಣೆಯು 50 ಡಿಗ್ರಿ ಇಳಿದುಹೋಗಬೇಕು. ಎಣ್ಣೆ ಅರ್ಧ ಕಿಲೋ ಮಾತ್ರ ಇದ್ದರಂತೂ ಅದು 175ರಿಂದ 97ಕ್ಕೆ ಇಳಿದರೂ ನೀರಿನ ಸಾಲ ತೀರದು. ಇನ್ನು ಒಲೆಯ ಪಾಲು. ಅಡುಗೆ ಅನಿಲದ ದೊಡ್ಡ ಉರಿಯಿಂದ ಬಾಣಲೆಗೆ ಸೆಕೆಂಡಿಗೆ 1,200 ಜೂಲುಗಳಷ್ಟು, ಎಂದರೆ ಸುಮಾರು 290 ಕ್ಯಾಲೊರಿ ಸೇರುವುದೆಂದು ಹಿಡಿದರೆ, 25,000 ಕ್ಯಾಲೊರಿ ಬರಲು ಒಂದೂವರೆ ನಿಮಿಷ ಬೇಕು. ಮಧ್ಯಮ ಉರಿಯಲ್ಲಿ ಅದರ ಇಮ್ಮಡಿ. ಒಂದು ಒಬ್ಬೆಗೆ ಮೂರು ನಾಲ್ಕು ನಿಮಿಷ ಹಿಡಿಯುವುದೆಂದು ಅಡುಗೆ ಬಲ್ಲವರು ಹೇಳುವುದಕ್ಕೂ ಈ ಲೆಕ್ಕಕ್ಕೂ ವಿರೋಧವಿಲ್ಲವೆಂಬುದು ಸಂತೋಷದ ಸಂಗತಿ. ‘ಬಾಣಲೆ ತುಂಬ ತುರುಕಬೇಡ’ ಎಂಬ ಬುದ್ಧಿಮಾತಿನ ಹಿಂದಿರುವುದು ಈ ಗುಪ್ತೋಷ್ಣವೇ.

ಆ ಆವಿಗೆ ಎಷ್ಟು ಜಾಗ ಬೇಕು? ಒಂದು ಗ್ರಾಂ ನೀರು ಆವಿಯಾದರೆ ನಮ್ಮ ಎತ್ತರದಲ್ಲಿ ಸುಮಾರು 1.8 ಲೀಟರಾಗುತ್ತದೆ. ಒಂದೇ ಒಂದು ಚಕ್ಕುಲಿಯಿಂದ 13 ಲೀಟರಿಗೂ ಮೇಲ್ಪಟ್ಟು ಆವಿ, ಎಂದರೆ ಒಂದು ಬಿಂದಿಗೆಯಷ್ಟು, ಕೆಲವೇ ನಿಮಿಷಗಳಲ್ಲಿ ಬೆರಳಿಗಿಂತ ಸಣ್ಣ ಎಳೆಯಿಂದ ಹೊರಬೀಳಬೇಕು! ದಾರಿ ಸಿಕ್ಕಿದರೆ ಅದು ಗುಳ್ಳೆಯಾಗಿ ಹೋಗುತ್ತದೆ. ದಾರಿ ಸಿಕ್ಕದಿದ್ದರೆ ದಾರಿಯನ್ನು ಮಾಡಿಕೊಳ್ಳುತ್ತದೆ. ಅದೇ ಸಿಡಿತ.

ಮುಚ್ಚಿದ ಜಾಗದಲ್ಲಿ ಸಿಕ್ಕಿಕೊಂಡ ನೀರನ್ನು ಕಾಯಿಸುತ್ತ ಹೋದರೆ ಆವಿಯ ಒತ್ತಡವು ಬಹಳ ಬೇಗ ಏರುತ್ತದೆ. 100 ಡಿಗ್ರಿಯಲ್ಲಿ ಅದು ಸಮುದ್ರಮಟ್ಟದ ವಾಯುಭಾರಕ್ಕೆ ಸಮ. 120ರಲ್ಲಿ ಅದರ ಎರಡು ಪಟ್ಟು. ನಮ್ಮ ಮನೆಯ ಕುಕ್ಕರುಗಳು ಸೀಟಿ ಹೊಡೆಯುವುದು ಇಲ್ಲಿಯೇ. 150ರಲ್ಲಿ ಐದು ಪಟ್ಟಿಗೆ ತುಸು ಕಡಿಮೆ, 170ರಲ್ಲಿ ಹತ್ತಿರ ಹತ್ತಿರ ಎಂಟು ಪಟ್ಟು. ಹೊರಗೆ ಗಟ್ಟಿಯಾಗಿ ಒಳಗೆ ಹಸಿಯಾಗಿರುವ ಹಿಟ್ಟಿನ ಬಳೆಯು ಸುರಕ್ಷಾ ಕವಾಟವಿಲ್ಲದ ಕುಕ್ಕರಿನಂತೆ. ಅದರ ಗೋಡೆ ಎಂಟು ಪಟ್ಟಿನವರೆಗೆ ತಾಳಲಾರದು. ಅದಕ್ಕೂ ಬಹಳ ಮೊದಲೇ ಒಡೆಯುತ್ತದೆ. ಒಡೆದ ಕ್ಷಣದಲ್ಲಿ ಒಳಗಿನ 10 ಗ್ರಾಂ ನೀರು 120 ಡಿಗ್ರಿಯಲ್ಲಿತ್ತೆನ್ನೋಣ. ಒತ್ತಡ ತಟ್ಟನೆ ಇಳಿದೊಡನೆ ಅದು 97ಕ್ಕೆ ಬರಬೇಕು. ಮಿಗುವ ಶಾಖದಿಂದ ಅದರ ನೂರರಲ್ಲಿ ನಾಲ್ಕು ಪಾಲು ಒಮ್ಮೆಲೇ ಆವಿಯಾಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಕ್ಕಾಲು ಲೀಟರು ಆವಿ! ಅದು ಮೇಲಿದ್ದ ಎಣ್ಣೆಯನ್ನು ಎತ್ತಿ ಎಸೆಯದೆ ಬೇರೇನು ಮಾಡೀತು?

ಹಾಗಾದರೆ ಒರಳಿನಿಂದ ಬಂದ ಮೂವತ್ತು ಏಕೆ ಸಿಡಿಯಲಿಲ್ಲ? ಒರಳಿನ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ. ಅದರ ತೂತು ದುಂಡಗಿಲ್ಲ, ನಕ್ಷತ್ರದ ಆಕಾರದಲ್ಲಿದೆ. ಆದುದರಿಂದ ಎಳೆಯ ಮೈಯುದ್ದಕ್ಕೂ ಮುಳ್ಳುಗಳೇಳುತ್ತವೆ. ಇದು ಅಲಂಕಾರಕ್ಕೆಂದು ನಾವು ಬಹುಕಾಲ ತಿಳಿದಿದ್ದೆವು. ಮುಳ್ಳುಗಳಿಂದ ಎಳೆಯ ಹೊರಮೈ ಹೆಚ್ಚುತ್ತದೆ. ಮುಳ್ಳುಗಳ ನಡುವಣ ಕಣಿವೆಗಳಲ್ಲಿ ಎಳೆಯ ತಿರುಳಿಗೂ ಎಣ್ಣೆಗೂ ದೂರ ಕಡಿಮೆಯಾಗುತ್ತದೆ. ಒತ್ತುವಾಗ ಹರಿದು ಬಂದ ಮೈಯಲ್ಲಿ ಸಣ್ಣ ಬಿರುಕುಗಳು ಅಸಂಖ್ಯವಾಗಿ ಉಳಿಯುತ್ತವೆ. ಆವಿಗೆ ಸಾವಿರ ಬಾಗಿಲು. ಮೊಮ್ಮಗಳು ಮಾಡಿದ ಬಳೆಗೆ ಮುಳ್ಳಿರಲಿಲ್ಲ. ಇದ್ದ ಬಿರುಕುಗಳನ್ನು ಅವಳು ನೀರು ಸವರಿ ಮುಚ್ಚಿದ್ದಳು. ಅಕ್ಕಿಯ ಪಿಷ್ಟವು 70 ಡಿಗ್ರಿಯ ಆಸುಪಾಸಿನಲ್ಲಿ ನೀರನ್ನು ಹೀರಿ ಉಬ್ಬಿ ಅಂಟಾಗುತ್ತದೆ. ಗಂಜಿ ಕಾಯಿಸಿದವರೆಲ್ಲರೂ ಬಲ್ಲರು. ಸವರಿದ ನೀರು ಹೊರಮೈಗೆ ಇಂಥ ಒಂದು ಅಂಟಿನ ಲೇಪವನ್ನು ಕೊಟ್ಟಿತು. ಎಣ್ಣೆಯಲ್ಲಿ ಆ ಲೇಪ ಒಣಗಿ ಚಿಪ್ಪಾಯಿತು.

ದಪ್ಪದ ಪಾತ್ರ ಇನ್ನೂ ದೊಡ್ಡದು. ಘನವಸ್ತುವಿನೊಳಕ್ಕೆ ಶಾಖ ಇಳಿಯುವ ಕಾಲವು ದಪ್ಪದೊಡನೆ ನೇರವಾಗಿ ಅಲ್ಲ, ದಪ್ಪದ ವರ್ಗದೊಡನೆ ಏರುತ್ತದೆ. ನೀರು ಹೊರಬರುವುದಕ್ಕೂ ಹೆಚ್ಚು ಕಡಿಮೆ ಇದೇ ನಿಯಮ. ಚಕ್ಕುಲಿಯ ಎಳೆ 8 ಮಿಲಿಮೀಟರಿದ್ದು ಬಳೆ 16 ಮಿಲಿಮೀಟರಿದ್ದರೆ, ಎರಡರಷ್ಟು ದಪ್ಪಕ್ಕೆ ನಾಲ್ಕರಷ್ಟು ಕಾಲ. ನಾಲ್ಕು ನಿಮಿಷದಲ್ಲಿ ಚಕ್ಕುಲಿ ತಿರುಳಿನವರೆಗೆ ಒಣಗಿದರೆ ಬಳೆಗೆ ಕಾಲು ಗಂಟೆ ಬೇಕು. ಆದರೆ ಹೊರಮೈಗೆ ಈ ಭೇದವಿಲ್ಲ; ಅದು ಎರಡರಲ್ಲಿಯೂ ಒಂದೇ ಕಾಲದಲ್ಲಿ ಗಟ್ಟಿಯಾಗುತ್ತದೆ. ಮೂರನೆಯ ನಿಮಿಷದಲ್ಲಿ ಬಳೆ ನೋಟಕ್ಕೆ ಬೆಂದ ಹಾಗಿದ್ದು ಒಳಗೆ ಹಸಿ ಹಿಟ್ಟೇ ಆಗಿತ್ತು. ಕೋಡುಬಳೆಯನ್ನು ಸೀಸದಕಡ್ಡಿಯಷ್ಟು ಸಣ್ಣಗೆ ಹೊಸೆದು ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಕರಿಯುವುದೂ, ಉದ್ದಿನ ವಡೆಗೆ ನಡುವೆ ತೂತು ಮಾಡುವುದೂ, ನಿಪ್ಪಟ್ಟನ್ನು ತೆಳ್ಳಗೆ ತಟ್ಟಿ ಅಲ್ಲಲ್ಲಿ ಚುಚ್ಚುವುದೂ ಇದೇ ಕಾರಣಕ್ಕಾಗಿ. ಪೂರಿಯ ವಿಷಯ ಮಾತ್ರ ಬೇರೆ. ಅಲ್ಲಿ ನಾವು ಆವಿಯನ್ನು ಸೆರೆಹಿಡಿಯಲೆಂದೇ ಬಯಸುತ್ತೇವೆ. ಗೋಧಿಯಲ್ಲಿ ಹಿಗ್ಗಬಲ್ಲ ಗ್ಲುಟೆನ್ ಎಂಬ ಪ್ರೋಟೀನು ಇರುವುದರಿಂದ ಪೂರಿಯ ಪದರ ಬಲೂನಿನಂತೆ ಉಬ್ಬುತ್ತದೆ. ಅಕ್ಕಿಯಲ್ಲಿ ಅದಿಲ್ಲ. ಅಕ್ಕಿಹಿಟ್ಟು ಹಿಗ್ಗಲರಿಯದು, ಒಡೆಯಲು ಮಾತ್ರ ಬಲ್ಲುದು.

ಇಷ್ಟನ್ನು ಕಾಗದದ ಮೇಲೆ ಬರೆದು ಮುಂದಿನ ಭಾನುವಾರ ನೆರೆಮನೆಗೆ ಹೋದೆವು. ಕೈಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಲೆಕ್ಕವನ್ನು ಓದಿದ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಇದು ನಮ್ಮ ಕಾರ್ಖಾನೆಯಲ್ಲಿ ದಿನವೂ ನೋಡುವ ವಿಷಯ. ನನಗೆ ಹೊಳೆಯಲೇ ಇಲ್ಲವಲ್ಲ!” ಎಂದಳು.

ಅವಳು ವಿವರಿಸಿದುದು ಹೀಗೆ. ವಿದ್ಯುನ್ಮಾನ ಯಂತ್ರಗಳ ಚಿಪ್ಪುಗಳು ಪ್ಲಾಸ್ಟಿಕ್ ಕವಚದೊಳಗೆ ಕುಳಿತಿರುತ್ತವೆ. ಆ ಪ್ಲಾಸ್ಟಿಕ್ ಗಾಳಿಯ ತೇವವನ್ನು ಮೆಲ್ಲಮೆಲ್ಲನೆ ಹೀರುತ್ತದೆ. ಫಲಕಕ್ಕೆ ಬೆಸುಗೆ ಹಾಕಲು ಅವುಗಳನ್ನು ಒಲೆಯೊಳಗೆ ಸಾಗಿಸಿದಾಗ ಉಷ್ಣತೆ ಸುಮಾರು 250 ಡಿಗ್ರಿಗೆ ಏರುತ್ತದೆ. ಆ ಉಷ್ಣತೆಯಲ್ಲಿ ಸೆರೆಸಿಕ್ಕಿದ ನೀರಿನ ಒತ್ತಡ ವಾಯುಭಾರದ ನಲವತ್ತು ಪಟ್ಟಿನವರೆಗೆ ಹೋಗಬಲ್ಲುದು. ಕವಚ ಉಬ್ಬಿ ಬಿರಿಯುತ್ತದೆ. ಇಂಜಿನಿಯರುಗಳು ಇದನ್ನು ‘ಪಾಪ್‌ಕಾರ್ನ್’ ಎಂದೇ ಕರೆಯುತ್ತಾರಂತೆ. ಜೋಳದ ಅರಳಾಗುವುದೂ ಇದೇ ತತ್ತ್ವದಿಂದಲ್ಲವೇ? ಅದನ್ನು ತಪ್ಪಿಸಲು ತೇವ ಹಿಡಿದ ಚಿಪ್ಪುಗಳನ್ನು ಮೊದಲು 125 ಡಿಗ್ರಿಯಲ್ಲಿ ಗಂಟೆಗಟ್ಟಲೆ ಒಣಗಿಸಿ, ಅನಂತರ ಬೆಸುಗೆಯ ಒಲೆಗೆ ಕಳುಹಿಸುತ್ತಾರೆ. ಒಲೆಯಲ್ಲಿಯೂ ಶಾಖವನ್ನು ಹಂತಹಂತವಾಗಿ ಏರಿಸುತ್ತಾರೆ. ಅಜ್ಜಿ ಉದ್ದನ್ನು ಹುರಿದು ಹಿಟ್ಟು ಮಾಡುವುದಕ್ಕೂ, ಉರಿಯನ್ನು ನಡುವೆಯೇ ಇಡುವುದಕ್ಕೂ ಇದಕ್ಕೂ ಎಷ್ಟು ಸಾಮ್ಯ! ಇನ್ನೊಂದು ಕಾಕತಾಳೀಯವೂ ಉಂಟು. ತವರ ಮತ್ತು ಸೀಸಗಳ ಹಳೆಯ ಬೆಸುಗೆಯ ಮಿಶ್ರಲೋಹ ಕರಗುವುದು 183 ಡಿಗ್ರಿಯಲ್ಲಿ, ಚಕ್ಕುಲಿಯ ಎಣ್ಣೆಯ ಹತ್ತಿರದ ನೆರೆಯಲ್ಲಿ. 2006ರಿಂದ ಯೂರೋಪು ಸೀಸವನ್ನು ನಿಷೇಧಿಸಿದ ಮೇಲೆ ಬಳಕೆಗೆ ಬಂದ ಬೆಸುಗೆಗಳಿಗೆ 217 ಡಿಗ್ರಿಗೂ ಹೆಚ್ಚು ಬೇಕು. ಚಿಪ್ಪುಗಳ ಸಿಡಿತ ಹೆಚ್ಚು ತಲೆನೋವಾದುದು ಆ ಬಳಿಕ.

ಅವಳು ತನ್ನದೇ ಒಂದು ಥರ್ಮೊಕಪಲ್ ಉಷ್ಣಮಾಪಕವನ್ನು ತಂದಳು. ಎರಡು ಬೇರೆ ಲೋಹಗಳ ತಂತಿಗಳನ್ನು ತುದಿಯಲ್ಲಿ ಬೆಸೆದು, ಆ ತುದಿಯನ್ನು ಕಾಯಿಸಿದರೆ ತಂತಿಗಳಲ್ಲಿ ಅಲ್ಪ ವಿದ್ಯುತ್ತು ಹುಟ್ಟುತ್ತದೆ. 1821ರಲ್ಲಿ ಸೀಬೆಕ್ ಕಂಡ ಸಂಗತಿಯಿದು. ಪಾದರಸದ ಮಾಪಕವನ್ನು ಅಡುಗೆಯ ಎಣ್ಣೆಗೆ ಎಂದಿಗೂ ಇಳಿಬಿಡಬಾರದು, ಒಡೆದರೆ ವಿಷ. ನಮ್ಮ ಬಾಣಲೆಯ ಎಣ್ಣೆ 175ರಲ್ಲಿದ್ದಾಗ ಐದು ಚಕ್ಕುಲಿಗಳನ್ನು ಬಿಟ್ಟೆವು. ಮುಳ್ಳು 25 ಡಿಗ್ರಿಯಷ್ಟು ಇಳಿದು, ಗುಳ್ಳೆಗಳು ಕಡಿಮೆಯಾದಂತೆ ಮತ್ತೆ ಏರಿತು. ಬಳಿಕ ಮಾಪಕದ ತುದಿಯನ್ನು ದಪ್ಪವಾದ ಒಂದು ಬಳೆಯ ತಿರುಳಿಗೆ ಚುಚ್ಚಿ, ಬಾಣಲೆಗೆ ಜಾಲರಿಯ ಮುಚ್ಚಳವಿಟ್ಟು, ದೂರ ನಿಂತು ನೋಡಿದೆವು. ಎಣ್ಣೆ 165ರಲ್ಲಿದ್ದರೂ ತಿರುಳು 97ರ ಸುಮಾರಿನಲ್ಲಿಯೇ ಬಹಳ ಹೊತ್ತು ನಿಂತಿತು. ನೀರಿರುವಷ್ಟು ಕಾಲ ಅದು ಮೇಲೇರದು. ಬಳೆ ಸಿಡಿಯಲಿಲ್ಲ. ಅಜ್ಜಿ ಸ್ವಲ್ಪ ಗೆಲವಿನಿಂದ ನಮ್ಮನ್ನು ನೋಡಿದರು. ಆದರೆ ತಂತಿ ಚುಚ್ಚಿದ ತೂತೇ ಆವಿಗೆ ಬಾಗಿಲಾಗಿತ್ತೆಂಬುದನ್ನು ಮರೆಯಬಾರದು. ಅಳೆಯಲು ಹೋದವರೇ ಅಳೆಯಬೇಕಾದುದನ್ನು ಕೆಡಿಸಿದ ಉದಾಹರಣೆಯಿದು. ಬಳೆಯನ್ನು ಮೂರನೆಯ ನಿಮಿಷದಲ್ಲಿ ತೆಗೆದು ಮುರಿದಾಗ ಹೊರಗೆ ಚಿಪ್ಪು, ಒಳಗೆ ಹಸಿ ಹಿಟ್ಟು. ತೂತಿಲ್ಲದ ಬಳೆಯನ್ನು ಕರಿದು ನೋಡುವ ಪ್ರಯೋಗವನ್ನು ನಾವು ಮಾಡಲಿಲ್ಲ. ವಾಚಕರೂ ಮಾಡಬಾರದು.

ಈಗ ಹಿಟ್ಟಿನ ವಿಚಾರ. ಅಜ್ಜಿಯ ಪ್ರಮಾಣ ನಾಲ್ಕು ಲೋಟ ಅಕ್ಕಿಹಿಟ್ಟಿಗೆ ಒಂದು ಲೋಟ ಹುರಿದ ಉದ್ದಿನ ಹಿಟ್ಟು, ದೊಡ್ಡ ನಿಂಬೆಯ ಗಾತ್ರದ ಬೆಣ್ಣೆ, ಎಳ್ಳು, ಜೀರಿಗೆ, ಇಂಗು, ಉಪ್ಪು. ಹಿಟ್ಟನ್ನು ತಪ್ಪದೆ ಜರಡಿ ಹಿಡಿಯಬೇಕು. ಗಂಟಾಗಿ ಉಳಿದ ಹಿಟ್ಟು ಕೂಡ ಒಂದು ಸಣ್ಣ ಸಿಡಿಗುಂಡೇ. ಬೆಣ್ಣೆಯನ್ನು ನೀರಿಗಿಂತ ಮೊದಲು ಒಣಹಿಟ್ಟಿಗೆ ಉಜ್ಜುವುದರಲ್ಲಿ ಅರ್ಥವಿದೆ. ಕೊಬ್ಬು ಹಿಟ್ಟಿನ ಕಣಗಳಿಗೆ ಕವಚವಾಗಿ ಅವು ಒಂದಕ್ಕೊಂದು ಬಿಗಿಯಾಗಿ ಅಂಟದಂತೆ ತಡೆಯುತ್ತದೆ. ಆ ಸಡಿಲ ಸಂದುಗಳಲ್ಲಿಯೇ ಆವಿ ನುಸುಳಿ ಹೋಗುತ್ತದೆ. ಚಕ್ಕುಲಿ ಗರಿಗರಿಯಾಗುವುದೂ ಆ ಸಂದುಗಳಿಂದಲೇ. ಬೆಣ್ಣೆ ಕಡಿಮೆಯಾದರೆ ಚಕ್ಕುಲಿ ಕಲ್ಲು. ಹೆಚ್ಚಾದರೆ ಕಣಗಳಿಗೆ ಹಿಡಿತವೇ ಇಲ್ಲದೆ ಎಣ್ಣೆಯಲ್ಲಿ ಬಿಚ್ಚಿಕೊಂಡು ಪುಡಿಯಾಗಿ ತಳ ಸೇರುತ್ತದೆ. ಹಿಡಿತವನ್ನು ಕೊಡುವುದು ಉದ್ದಿನ ಅಂಟು. ಅಕ್ಕಿಹಿಟ್ಟಿಗೆ ಬಿಸಿನೀರು ಹಾಕಿ ಕಲಸುವವರು ಪಿಷ್ಟದ ಒಂದಂಶವನ್ನು ಮೊದಲೇ ಬೇಯಿಸಿ ಅದರಿಂದಲೂ ಅಂಟನ್ನು ಪಡೆಯುತ್ತಾರೆ. ಅಂಟು ಬೇಕು, ಸಂದೂ ಬೇಕು. ಅಜ್ಜಿಯ ‘ಹದ’ ಎಂದರೆ ಈ ಎರಡರ ರಾಜಿ.

ಒರಳಿನಲ್ಲಿ ಒತ್ತುವಾಗ ಹರಿಯುವ ಹಿಟ್ಟು ಕಾಗದದ ಮೇಲೆ ಬಿದ್ದೊಡನೆ ಹರಿಯದೆ ಮುಳ್ಳುಗಳ ಸಮೇತ ನಿಲ್ಲುತ್ತದೆ. ಒಂದು ಮಿತಿಯವರೆಗಿನ ಒತ್ತಡಕ್ಕೆ ಘನವಸ್ತುವಿನಂತೆಯೂ ಅದನ್ನು ಮೀರಿದರೆ ದ್ರವದಂತೆಯೂ ವರ್ತಿಸುವ ಪದಾರ್ಥಗಳ ಗುಂಪಿಗೆ ಇದು ಸೇರಿದೆ. ನೀರು ಹೆಚ್ಚಾದರೆ ಆ ಮಿತಿ ತಗ್ಗಿ ಮುಳ್ಳುಗಳು ಕುಸಿದು ನುಣುಪಾಗುತ್ತವೆ. ನುಣುಪಾದುದರ ಫಲವನ್ನು ಮೇಲೆ ಕಂಡಿದ್ದೇವೆ. ನೀರು ಕಡಿಮೆಯಾದರೆ ಒತ್ತುವವರ ರಟ್ಟೆ ಸೋಲುತ್ತದೆ. ತಿರುಪಿನ ಹಿತ್ತಾಳೆ ಒರಳು ಇದಕ್ಕೆ ಒಳ್ಳೆಯ ಉಪಾಯ: ಹಿಡಿ 5 ಸೆಂಟಿಮೀಟರು ಉದ್ದವಿದ್ದು, ತಿರುಪು ಒಂದು ಸುತ್ತಿಗೆ ಅರ್ಧ ಸೆಂಟಿಮೀಟರು ಇಳಿಯುವಂತಿದ್ದರೆ ಕೈಯ ಬಲ ಅರವತ್ತು ಪಟ್ಟಾಗಬೇಕು. ಘರ್ಷಣೆ ಅದರಲ್ಲಿ ಬಹುಪಾಲನ್ನು ನುಂಗಿದರೂ ಉಳಿದುದು ಸಾಕು.

ಬೆಂದುದನ್ನು ತಿಳಿಯುವುದು ಹೇಗೆ? ಬಣ್ಣಕ್ಕಿಂತ ಗುಳ್ಳೆ ಹೆಚ್ಚು ನಂಬಿಕೆಗೆ ಅರ್ಹ. ಗುಳ್ಳೆ ನಿಲ್ಲುತ್ತ ಬಂದರೆ ನೀರು ತೀರಿತೆಂದು ಅರ್ಥ. ‘ಸದ್ದಡಗಿದ ಮೇಲೆ ತೆಗಿ’ ಎನ್ನುವುದೂ ಇದನ್ನೇ. ಬಣ್ಣವು ಪ್ರೋಟೀನಿನ ಅಂಶಗಳೂ ಸಕ್ಕರೆಗಳೂ ಕೂಡಿ ನಡೆಯುವ ಕ್ರಿಯೆಯಿಂದ ಬರುವುದು. 1912ರಲ್ಲಿ ಫ್ರಾನ್ಸಿನ ಮೈಯಾರ್ ಇದನ್ನು ವರ್ಣಿಸಿದನು. ಅದು ಚುರುಕಾಗುವುದು 140 ಡಿಗ್ರಿಯ ಮೇಲೆ, ಎಂದರೆ ಹೊರಮೈ ಒಣಗಿದ ಬಳಿಕ. ಕಡುಗಂದಿಗೆ ಬಿಡುವುದು ಒಳ್ಳೆಯದಲ್ಲ. ಪಿಷ್ಟಪದಾರ್ಥಗಳನ್ನು 120 ಡಿಗ್ರಿಗಿಂತ ಹೆಚ್ಚಾಗಿ ಕಾಯಿಸಿದಾಗ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹುಟ್ಟುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಬಣ್ಣ ಗಾಢವಾದಷ್ಟೂ ಅದು ಹೆಚ್ಚು.

ಚಕ್ಕುಲಿ ‘ಎಣ್ಣೆ ಕುಡಿಯುವುದು’ ಬಾಣಲೆಯಲ್ಲಿ ಎಂದು ಎಲ್ಲರೂ ನಂಬಿದ್ದಾರೆ. ಕುಡಿಯುವುದು ಹೆಚ್ಚಾಗಿ ಹೊರಬಂದ ಮೇಲೆ! ಎಣ್ಣೆಯೊಳಗಿರುವಾಗ ಹೊರನುಗ್ಗುವ ಆವಿಯೇ ಎಣ್ಣೆಯನ್ನು ತಡೆದಿರುತ್ತದೆ. ಹೊರತೆಗೆದಾಗ ಸಂದುಗಳಲ್ಲಿ ಉಳಿದ ಆವಿ ತಣಿದು ನೀರಾಗಿ ಒಳಗೆ ಒತ್ತಡ ಇಳಿಯುತ್ತದೆ. ಮೈಗೆ ಹತ್ತಿದ ಎಣ್ಣೆಯನ್ನು ಹೊರಗಿನ ಗಾಳಿ ಒಳಕ್ಕೆ ತಳ್ಳುತ್ತದೆ. ಆದುದರಿಂದ ಬಿಸಿ ಆರುವ ಮುನ್ನವೇ, ಬಾಣಲೆಯ ಮೇಲೆಯೇ, ಜಾಲರಿ ಸೌಟನ್ನು ಓರೆ ಮಾಡಿ ಚೆನ್ನಾಗಿ ಕೊಡವಬೇಕು. ತಟ್ಟೆಯಲ್ಲಿ ರಾಶಿ ಹಾಕಿದರೆ ಕೆಳಗಿನವು ಮೇಲಿನವುಗಳ ಎಣ್ಣೆಯನ್ನೂ ಹೀರುತ್ತವೆ.

ಬೆಂಕಿಯ ಬಗೆಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಬಾಣಲೆಯ ಎಣ್ಣೆಗೆ ಉರಿ ಹತ್ತಿಕೊಂಡರೆ ನೀರು ಸುರಿಯಬಾರದು. ನೀರು ಎಣ್ಣೆಗಿಂತ ಭಾರವಾದುದರಿಂದ ತಳಕ್ಕಿಳಿದು ಅಲ್ಲಿ ಒಮ್ಮೆಲೇ ಆವಿಯಾಗಿ, ಉರಿಯುವ ಎಣ್ಣೆಯನ್ನು ತುಂತುರಾಗಿ ಸೂರಿನವರೆಗೆ ಎಸೆಯುತ್ತದೆ. ಚಕ್ಕುಲಿಯ ಸಿಡಿತವೇ ನೂರು ಪಟ್ಟು ದೊಡ್ಡದಾದಂತೆ. ಒಲೆ ಆರಿಸಿ, ಒಂದು ಲೋಹದ ತಟ್ಟೆಯನ್ನು ಪಕ್ಕದಿಂದ ಜಾರಿಸಿ ಮುಚ್ಚಿ, ಹಾಗೆಯೇ ತಣಿಯಲು ಬಿಡಬೇಕು. ಬಾಣಲೆಯನ್ನು ಎತ್ತಿಕೊಂಡು ಓಡಬಾರದು. ಸುಟ್ಟ ಚರ್ಮಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಮಂಜುಗಡ್ಡೆ, ತುಪ್ಪ, ಶಾಯಿ, ಟೂತ್‌ಪೇಸ್ಟ್ ಯಾವುದೂ ಬೇಡ. ಗಾಯ ಅಂಗೈಗಿಂತ ದೊಡ್ಡದಾಗಿದ್ದರೆ, ಅಥವಾ ಮುಖದ ಮೇಲಾಗಿದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕರಿಯುವಾಗ ಮಕ್ಕಳನ್ನು ದೂರವಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕರಿಯುವ ವಿದ್ಯೆ ನಮ್ಮಲ್ಲಿ ಹೊಸದಲ್ಲ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಒಂದು ಅಧ್ಯಾಯವೇ ಇದೆ, ಮುಂದೆ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ರಚಿಸಿದನು. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ಇಂಥ ತಿಂಡಿಗಳನ್ನು ತಕ್ಕಡಿ, ಉಷ್ಣಮಾಪಕಗಳೊಡನೆ ನೋಡುವ ಕೆಲಸವನ್ನು ನಡೆಸಿಕೊಂಡು ಬಂದಿದೆ.

ಅಷ್ಟಮಿ ಬರುವುದು ಮಳೆಗಾಲದಲ್ಲಿ. ಗಾಳಿಯ ತೇವ ತಾಕಿದರೆ ಚಕ್ಕುಲಿ ಮೆತ್ತಗಾಗುತ್ತದೆ. ನೀರು ತೀರಿದ ಪಿಷ್ಟ ಗಾಜಿನಂತೆ ಗಡುಸಾಗಿ, ಕಡಿದರೆ ಚಟ್ಟನೆ ಮುರಿಯುತ್ತದೆ. ಸ್ವಲ್ಪ ತೇವ ಸೇರಿದರೂ ಅದರ ಅಣುಗಳಿಗೆ ಸಡಿಲು ಸಿಕ್ಕಿ ರಬ್ಬರಿನಂತಾಗುತ್ತದೆ. ಪೂರ್ತಿ ಆರಿದ ಮೇಲೆ, ಆದರೆ ಆರಿದೊಡನೆ, ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಬೇಕು. ಮೆತ್ತಗಾದುದನ್ನು ಸಣ್ಣ ಉರಿಯಲ್ಲಿ ಒಣ ಬಾಣಲೆಯ ಮೇಲೆ ಬೆಚ್ಚಗೆ ಮಾಡಿದರೆ ಸೇರಿದ ನೀರು ಹೋಗಿ ಗರಿ ಮರಳುತ್ತದೆ. ಕಮಟು ವಾಸನೆ ಬಂದುದಕ್ಕೆ ಮಾತ್ರ ಈ ಚಿಕಿತ್ಸೆಯಿಲ್ಲ. ಅದು ಎಣ್ಣೆ ಆಮ್ಲಜನಕದೊಡನೆ ಕೂಡಿ ಕೆಟ್ಟುದರ ಗುರುತು. ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕರಿಯಲು ಬಳಸುವುದು ಸಲ್ಲದು. ಹಾಗೆ ಕೆಟ್ಟ ಎಣ್ಣೆಗೆ 2018ರ ಜುಲೈಯಿಂದ ಭಾರತದಲ್ಲಿ ಕಾನೂನಿನ ಮಿತಿಯೇ ಇದೆ.

ಒರಳಿಗೆ ಸಾಲದೆ ಉಳಿಯುವ ಕಡೆಯ ಹಿಟ್ಟನ್ನು ಈಗ ಅಜ್ಜಿ ಬಳೆ ಮಾಡಲು ಬಿಡುವುದಿಲ್ಲ. ಎಣ್ಣೆ ಸವರಿದ ಬಾಳೆಯೆಲೆಯ ಮೇಲೆ ತೆಳ್ಳಗೆ ತಟ್ಟಿ, ತಲೆಯ ಮುಡಿಯಿಂದ ಹೇರುಪಿನ್ನೊಂದನ್ನು ತೆಗೆದು ತೊಳೆದು, ಹತ್ತು ಹನ್ನೆರಡು ಕಡೆ ಚುಚ್ಚಿ, “ಇದು ನಿಮ್ಮ ತಂತಿಯ ತೂತು, ಮೇಷ್ಟ್ರೇ” ಎಂದು ನಮ್ಮ ಕಡೆಗೆ ತಿರುಗಿ ಹೇಳಿ ಎಣ್ಣೆಗೆ ಬಿಡುತ್ತಾರೆ.